ಗ್ಯಾಸ್ ಅಲ್ಲದ ನೋವು

ನಮ್ಮ ಕರಾವಳಿಯ ಕಡೆ ಎದೆಯಲ್ಲಿ ಏಳುವ ಯಾವ ನೋವಿಗೂ ಮೊದಲು ಸಿಗುವ ಹೆಸರು 'ಗ್ಯಾಸ್'. ನಲ್ವತ್ತು ದಾಟಿದ ಗಂಡಸು ಎದೆ ಒತ್ತಿಕೊಂಡು ಕುಳಿತರೆ ಮನೆಯವರು ಮೊದಲು ಕೇಳುವುದು, "ಮಧ್ಯಾಹ್ನ ಏನು ತಿಂದಿರಿ?" ಎಂದು. ಆಮೇಲೆ ಜೀರಿಗೆ ನೀರು ಬರುತ್ತದೆ, ಸೋಡಾ ಬರುತ್ತದೆ, ಬೆನ್ನಿಗೆ ಮುಲಾಮು ತಿಕ್ಕಲು ಮಗನೋ ಮಗಳೋ ಬರುತ್ತಾರೆ. ಒಂದು ತೇಗು ಬಂದರೆ ಮನೆಯವರಿಗೆಲ್ಲ ಸಮಾಧಾನ. ಡಾಕ್ಟರ ಬಳಿ ಹೋಗುವ ಮಾತು ಏಳುವುದು ಇವೆಲ್ಲ ಮುಗಿದ ನಂತರ. ಒಂದು ಸಣ್ಣ ಪೇಟೆಯಲ್ಲಿ ಇಪ್ಪತ್ತು ವರ್ಷಗಳಿಂದ ಚಿಕಿತ್ಸಾಲಯ ನಡೆಸುತ್ತಿರುವ ವೈದ್ಯೆಯಾಗಿ ನಾನು ನೋಡಿದ್ದು ಇದನ್ನೇ. ಹೀಗೆ ಬರುವವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ಗ್ಯಾಸೇ ಆಗಿರುತ್ತದೆ. ತೊಡಕಿರುವುದೂ ಅಲ್ಲಿಯೇ. ಉಳಿದ ಕೆಲವರಿಗೆ ಅದು ಹೃದಯದ ರಕ್ತನಾಳ ಮುಚ್ಚಿಕೊಂಡ ನೋವು.

ರಮಝಾನಿನಲ್ಲಿ ಈ ಗೊಂದಲ ಇನ್ನಷ್ಟು ಹೆಚ್ಚು. ಇಡೀ ದಿನ ಖಾಲಿ ಇದ್ದ ಹೊಟ್ಟೆಗೆ ಇಫ್ತಾರಿನಲ್ಲಿ ಕರಿದದ್ದು, ಸಿಹಿಯದ್ದು, ಮಾಂಸದ್ದು ಎಲ್ಲವೂ ಒಟ್ಟಿಗೆ ಬೀಳುತ್ತದೆ. ಅನಂತರ ಎದೆ ಉರಿದರೆ ಯಾರಿಗೂ ಸಂಶಯವೇ ಬರುವುದಿಲ್ಲ. ಒಮ್ಮೆ ತರಾವೀಹ್ ನಮಾಝಿನ ನಡುವೆ ಎದೆ ಭಾರವಾಗಿ ಮನೆಗೆ ಬಂದ ಅಂಗಡಿಯವರೊಬ್ಬರು ಸಹರಿಯ ತನಕ ಸೋಡಾ ಕುಡಿಯುತ್ತಾ ಕಳೆದು, ಬೆಳಿಗ್ಗೆ ಒದ್ದೆಯಾದ ಅಂಗಿಯಲ್ಲಿ ನನ್ನ ಬಳಿಗೆ ಬಂದರು. ಎಂಟು ಗಂಟೆ ಕಳೆದಿತ್ತು. ಅವರು ಉಳಿದರು, ಆದರೆ ಹೃದಯದ ಮುಂಭಾಗದ ಮಾಂಸಖಂಡ ಉಳಿಯಲಿಲ್ಲ. ಈಗ ಅಂಗಡಿಯ ಮೂರು ಮೆಟ್ಟಿಲು ಹತ್ತಲು ಅವರು ನಡುವೆ ಒಮ್ಮೆ ನಿಲ್ಲಬೇಕು.

ಈ ತಪ್ಪು ಹೆಸರು ನಮ್ಮ ಊರಿನವರ ಸ್ವಂತದ್ದೇನೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ವೈದ್ಯರೇ ಇಂತಹ ಹಠಾತ್ ಸಾವುಗಳಿಗೆ 'ತೀವ್ರ ಅಜೀರ್ಣ' ಎಂದು ಕಾರಣ ಬರೆದುಕೊಡುತ್ತಿದ್ದರು. ಆ ಹೆಸರನ್ನು ಅಳಿಸಿ ಸರಿಯಾದದ್ದನ್ನು ಬರೆದವರಲ್ಲಿ ಮುಖ್ಯರು ಚಿಕಾಗೊದ ಜೇಮ್ಸ್ ಬ್ರಯನ್ ಹೆರಿಕ್ (1861-1954). 1912ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಒಬ್ಬ ರೋಗಿಯ ವಿವರ ಬರುತ್ತದೆ. 55 ವರ್ಷದ ಪುರುಷ. ಆರೋಗ್ಯವಂತನೆಂದೇ ಎಲ್ಲರ ಎಣಿಕೆ. ಊಟವಾಗಿ ಒಂದು ಗಂಟೆಯ ಬಳಿಕ ಎದೆಯ ಕೆಳಭಾಗದಲ್ಲಿ ತೀವ್ರ ನೋವು, ವಾಕರಿಕೆ. ತಿಂದದ್ದೇನೋ ಒಗ್ಗಲಿಲ್ಲ ಎಂದುಕೊಂಡು ಆತ ಗಂಟಲು ಕೆರಳಿಸಿಕೊಂಡು ತಾನೇ ವಾಂತಿ ಮಾಡಿದ. ನೋವು ಹೋಗಲಿಲ್ಲ. 52 ಗಂಟೆಗಳ ನಂತರ ತೀರಿಕೊಂಡ. ರೋಗವಿಜ್ಞಾನಿ ಲುಡ್ವಿಗ್ ಹೆಕ್ಟೊಯೆನ್ ಶವಪರೀಕ್ಷೆ ಮಾಡಿದಾಗ ಎಡ ಕೊರೊನರಿ ಅಪಧಮನಿಯಲ್ಲಿ, ಅದು ಹುಟ್ಟುವ ಜಾಗಕ್ಕೆ ಸಮೀಪದಲ್ಲೇ, ಕೆಂಪನೆಯ ರಕ್ತದ ಹೆಪ್ಪು ಸಿಕ್ಕಿತು. ಹೊಟ್ಟೆಯಲ್ಲಿ ಹುಡುಕುತ್ತಿದ್ದ ಕಾರಣ ಹೃದಯದಲ್ಲಿತ್ತು.

ಹೃದಯ ಇಡೀ ದೇಹಕ್ಕೆ ರಕ್ತ ಹಂಚುತ್ತದೆ, ಆದರೆ ತನ್ನೊಳಗೆ ತುಂಬಿರುವ ರಕ್ತವನ್ನು ತಾನು ಮುಟ್ಟುವುದಿಲ್ಲ. ಅದರ ಸ್ನಾಯುವಿಗೆ ಬೇಕಾದ ರಕ್ತ ಬರುವುದು ಮಹಾಅಪಧಮನಿಯ ಬುಡದಲ್ಲಿ ಹುಟ್ಟುವ ಎರಡು ತೆಳ್ಳನೆಯ ಕೊರೊನರಿ ನಾಳಗಳಿಂದ. ಇವು ಮುಚ್ಚಿಕೊಂಡರೆ ಸಾವು ಕೆಲವೇ ನಿಮಿಷಗಳ ಮಾತು ಎಂದು ಹತ್ತೊಂಬತ್ತನೇ ಶತಮಾನದ ವೈದ್ಯರು ನಂಬಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗಗಳು ಹಾಗೆಯೇ ಹೇಳುತ್ತಿದ್ದವು. ಅಂದ ಮೇಲೆ ಬದುಕಿರುವ ರೋಗಿಯಲ್ಲಿ ಈ ಕಾಯಿಲೆಯನ್ನು ಗುರುತಿಸುವ ಪ್ರಶ್ನೆಯೇ ಬರುವುದಿಲ್ಲವಲ್ಲ! ಹೆರಿಕ್ ಹೇಳಿದ್ದು ಇದಕ್ಕೆ ವಿರುದ್ಧವಾದದ್ದು. ನಾಳ ಮುಚ್ಚಿದ ಎಲ್ಲರೂ ತಕ್ಷಣ ಸಾಯುವುದಿಲ್ಲ. ಕೆಲವರು ಗಂಟೆಗಳ ಕಾಲ, ಕೆಲವರು ದಿನಗಳ ಕಾಲ ಬದುಕುತ್ತಾರೆ, ಕೆಲವರು ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಬದುಕಿರುವಾಗಲೇ ಇದನ್ನು ಪತ್ತೆ ಮಾಡಬಹುದು, ಮಾಡಬೇಕು. ಅವರಿಗಿಂತ ಎರಡು ವರ್ಷ ಮೊದಲು, 1910ರಲ್ಲಿ, ಕೀವ್ ನಗರದ ಒಬ್ರಾಸ್ಟ್ಸೊವ್ ಮತ್ತು ಸ್ಟ್ರಾಝೆಸ್ಕೊ ಎಂಬ ಇಬ್ಬರು ವೈದ್ಯರು ಇಂತಹದೇ ರೋಗಿಗಳ ಬಗ್ಗೆ ಜರ್ಮನ್ ಭಾಷೆಯಲ್ಲಿ ಬರೆದಿದ್ದರು.

ಹೆರಿಕ್ ತಮ್ಮ ಪ್ರಬಂಧವನ್ನು ಅಮೆರಿಕದ ದೊಡ್ಡ ದೊಡ್ಡ ವೈದ್ಯರ ಸಭೆಯಲ್ಲಿ ಓದಿದರು. ಸಭೆ ತಣ್ಣಗಿತ್ತು. ಒಬ್ಬರನ್ನು ಬಿಟ್ಟರೆ ಬೇರೆ ಯಾರೂ ಅದರ ಬಗ್ಗೆ ಮಾತನಾಡಲಿಲ್ಲ. ಆ ನಿರಾಸೆಯನ್ನು ಅವರು ಮುದುಕರಾದ ಮೇಲೂ ಮರೆತಿರಲಿಲ್ಲ.

ಇಲ್ಲಿ ಒಂದು ಮಾತು. ಹೃದಯದ ಬಗ್ಗೆ ಏನೇ ಬರೆದರೂ ನಮ್ಮಲ್ಲಿ ಕೆಲವರು, "ಇದನ್ನೆಲ್ಲ ನಮ್ಮ ಇಬ್ನ್ ಅಲ್-ನಫೀಸ್ ಯಾವಾಗಲೋ ಹೇಳಿದ್ದಾರೆ" ಎಂದು ಎದೆಯುಬ್ಬಿಸುವುದುಂಟು. ಅದರಲ್ಲಿ ಸತ್ಯವಿದೆ. ದಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಆ ಮಹನೀಯರು (ಮರಣ 1288) ಇಬ್ನ್ ಸೀನಾರ ಗ್ರಂಥದ ಅಂಗರಚನಾ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ, ರಕ್ತ ಹೃದಯದ ಬಲಭಾಗದಿಂದ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ ಎಂದರು. ಹೃದಯಕ್ಕೆ ಪೋಷಣೆ ಸಿಗುವುದು ಅದರ ಗೂಡಿನಲ್ಲಿರುವ ರಕ್ತದಿಂದಲ್ಲ, ಅದರ ಮೈಯೊಳಗೆ ಹರಡಿರುವ ನಾಳಗಳಿಂದ ಎಂದೂ ಹೇಳಿದರು. ಗುರುಸ್ಥಾನದಲ್ಲಿದ್ದ ಇಬ್ನ್ ಸೀನಾರ ಮಾತನ್ನೇ ಅಲ್ಲಗಳೆದ ಧೈರ್ಯ ಅದು. ಆದರೆ ಆ ಹಸ್ತಪ್ರತಿಗೆ ಮುಂದೆ ಏನಾಯಿತು? ಶತಮಾನಗಳ ಕಾಲ ಅದು ಗ್ರಂಥಾಲಯಗಳಲ್ಲಿ ಮಲಗಿತ್ತು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ತತಾವಿ ಅದನ್ನು ಬೆಳಕಿಗೆ ತಂದರು. ಹೇಳಿದವರು ನಮ್ಮವರು ಎಂದು ಹೆಮ್ಮೆಪಡುವವರು, ಓದದೆ ಬಿಟ್ಟವರೂ ನಮ್ಮವರೇ ಎಂಬುದನ್ನು ಜೊತೆಗೇ ಹೇಳಬೇಕಾಗುತ್ತದೆ. ಹೆರಿಕ್‌ರ ಲೇಖನಕ್ಕೂ ಅದೇ ಗತಿ ಬರಬಹುದಿತ್ತು. ಬಾರದಂತೆ ತಡೆದದ್ದು ಒಂದು ಯಂತ್ರ.

ಆ ಯಂತ್ರ ಮಾಡಿದವರು ವಿಲ್ಲೆಮ್ ಐಂಥೋವನ್. ಹುಟ್ಟಿದ್ದು 1860ರಲ್ಲಿ ಜಾವಾ ದ್ವೀಪದ ಸೆಮರಾಂಗ್‌ನಲ್ಲಿ, ಡಚ್ಚರ ಆಳ್ವಿಕೆಯ ಕಾಲದಲ್ಲಿ. ಅಲ್ಲೇ ವೈದ್ಯರಾಗಿದ್ದ ತಂದೆ ಬೇಗ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಹಾಲೆಂಡಿಗೆ ಮರಳಿದರು. ಹೃದಯ ಬಡಿಯುವಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದನ್ನು ಚರ್ಮದ ಮೇಲಿಂದಲೇ ಹಿಡಿಯಬಹುದು ಎಂಬುದನ್ನು 1887ರಲ್ಲೇ ಲಂಡನ್ನಿನ ಆಗಸ್ಟಸ್ ವಾಲರ್ ತೋರಿಸಿದ್ದರು. ಆದರೆ ಆಗಿನ ಉಪಕರಣದಲ್ಲಿ ಸಿಗುತ್ತಿದ್ದ ರೇಖೆ ಮಂಕು ಮಂಕು. ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಐಂಥೋವನ್, ಬೆಳ್ಳಿ ಲೇಪಿಸಿದ ಕೂದಲಿಗಿಂತ ತೆಳುವಾದ ಕ್ವಾರ್ಟ್ಝ್ ಎಳೆಯೊಂದನ್ನು ಬಲವಾದ ಕಾಂತದ ನಡುವೆ ಕಟ್ಟಿದರು. ಹೃದಯದ ವಿದ್ಯುತ್ ಹರಿದಾಗ ಎಳೆ ನಡುಗುತ್ತದೆ. ಅದರ ನೆರಳು ಚಲಿಸುವ ಫೋಟೋ ಫಲಕದ ಮೇಲೆ ಗೆರೆಯಾಗುತ್ತದೆ. ಎಳೆ ಅಷ್ಟು ತೆಳು, ಯಂತ್ರವೋ ಸುಮಾರು 270 ಕಿಲೋ ತೂಕ! ನಡೆಸಲು ಐದು ಜನ ಬೇಕು. ರೋಗಿ ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪು ನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತುಕೊಳ್ಳಬೇಕು. ಇಂದಿಗೂ ಇ.ಸಿ.ಜಿ. ಕಾಗದದ ಅಲೆಗಳನ್ನು ನಾವು ಪಿ, ಕ್ಯೂ, ಆರ್, ಎಸ್, ಟಿ ಎಂದು ಕರೆಯುವುದು ಅವರು ಇಟ್ಟ ಹೆಸರುಗಳಿಂದಲೇ. 1924ರಲ್ಲಿ, ಇಬ್ನ್ ಅಲ್-ನಫೀಸರ ಹಸ್ತಪ್ರತಿ ಹೊರಬಂದ ಅದೇ ವರ್ಷ, ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಹೆರಿಕ್ ತಮ್ಮ ವಾದಕ್ಕೆ ಈ ಗೆರೆಗಳ ಸಾಕ್ಷಿ ಬೇಕೆಂದು ಕಂಡುಕೊಂಡರು. ಅವರ ಕಿರಿಯ ಸಹೋದ್ಯೋಗಿ ಫ್ರೆಡ್ ಸ್ಮಿತ್ ನಾಯಿಗಳ ಕೊರೊನರಿ ನಾಳಗಳನ್ನು ಕಟ್ಟಿ ಇ.ಸಿ.ಜಿ. ತೆಗೆದರು. ನಾಳ ಕಟ್ಟಿದ ಕೂಡಲೇ ಗೆರೆ ಬದಲಾಗುತ್ತಿತ್ತು, ದಿನಗಳು ಕಳೆದಂತೆ ಮತ್ತೆ ಒಂದು ಕ್ರಮದಲ್ಲಿ ಬದಲಾಗುತ್ತಿತ್ತು. ಮನುಷ್ಯರಲ್ಲೂ ಅಂತಹದೇ ಗೆರೆ ಸಿಕ್ಕಿತು. 1918ರಲ್ಲಿ ಹೆರಿಕ್ ಅದೇ ಸಭೆಯ ಮುಂದೆ ಮತ್ತೆ ನಿಂತಾಗ ಕೈಯಲ್ಲಿ ಕಾಗದವಿತ್ತು. ಈ ಬಾರಿ ಜನ ಕೇಳಿದರು. 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ, ನಾಳ ಮುಚ್ಚಿದ ಮೊದಲ ಗಂಟೆಗಳಲ್ಲಿ ಆರ್ ಮತ್ತು ಟಿ ಅಲೆಗಳ ನಡುವಿನ ಗೆರೆ ತಳಕ್ಕೆ ಇಳಿಯದೆ ಮೇಲೆಯೇ ನಿಲ್ಲುವುದನ್ನು ವಿವರಿಸಿದರು. ಇಂದು ತಾಲೂಕು ಆಸ್ಪತ್ರೆಯ ಕಿರಿಯ ವೈದ್ಯರು ರಾತ್ರಿ ಎರಡು ಗಂಟೆಗೆ ಕಾಗದದಲ್ಲಿ ಹುಡುಕುವ 'ಎಸ್.ಟಿ. ಏರಿಕೆ' ಇದೇ.

ಒಂದು ವಾದ ಕಾಗದದ ಮೇಲೆ ಗೆರೆಯಾಗಿ ಮೂಡಿದ ಕೂಡಲೇ ಜನ ನಂಬುವುದು ವಿಚಿತ್ರವೇನಲ್ಲ. ಆದರೆ ಗೆರೆಯನ್ನು ಅತಿಯಾಗಿ ನಂಬುವ ಇನ್ನೊಂದು ಕಾಯಿಲೆಯೂ ನಮ್ಮಲ್ಲಿದೆ. "ಡಾಕ್ಟ್ರೇ, ಹೋದ ತಿಂಗಳಷ್ಟೇ ಇ.ಸಿ.ಜಿ. ನಾರ್ಮಲ್ ಬಂದಿತ್ತು, ಆಮೇಲೆ ಹೇಗೆ ಅಟ್ಯಾಕ್ ಆಯಿತು?" ಎಂದು ಮರಣದ ಮನೆಯಲ್ಲಿ ನನ್ನನ್ನು ಕೇಳಿದವರಿದ್ದಾರೆ. ಇ.ಸಿ.ಜಿ. ಎಂಬುದು ಆ ಕೆಲವು ಸೆಕೆಂಡುಗಳ ಸುದ್ದಿ. ಕೊರೊನರಿ ನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ ಅರ್ಧ ಕಿರಿದಾಗಿದ್ದರೂ ಸುಮ್ಮನೆ ಮಲಗಿದ್ದಾಗ ಸ್ನಾಯುವಿಗೆ ಸಾಕಷ್ಟು ರಕ್ತ ಸಿಗುತ್ತಿರಬಹುದು. ಗೆರೆ ನೇರವಾಗಿಯೇ ಇರುತ್ತದೆ. ಆ ಕೊಬ್ಬಿನ ಪೊರೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟುವುದು ನಾಳೆ ಇರಬಹುದು, ಹತ್ತು ವರ್ಷದ ನಂತರ ಇರಬಹುದು. ಕಾಗದಕ್ಕೆ ಭವಿಷ್ಯ ತಿಳಿಯದು. ನೋವು ಇರುವಾಗಲೇ ತೆಗೆದ ಮೊದಲ ಇ.ಸಿ.ಜಿ. ಕೂಡ ಸರಿಯಾಗಿ ಕಂಡು, ಅರ್ಧ ಗಂಟೆಯ ನಂತರದ್ದು ಕೆಟ್ಟಿರುವುದುಂಟು. ಅದಕ್ಕಾಗಿಯೇ ಮತ್ತೆ ಮತ್ತೆ ತೆಗೆಯುವುದು, ರಕ್ತದಲ್ಲಿ ಟ್ರೋಪೋನಿನ್ ನೋಡುವುದು. ಇದನ್ನು ಕೆಲವರು ಬಿಲ್ ಬೆಳೆಸುವ ಉಪಾಯ ಎಂದು ತಿಳಿಯುತ್ತಾರೆ.

ಇದರ ತಿರುಗುಮುರುಗಾದ ಒಂದು ಸಂಗತಿಯೂ ಇದೆ. 1982ರಲ್ಲಿ ನೆದರ್ಲೆಂಡಿನ ಹೈನ್ ವೆಲೆನ್ಸ್ ಮತ್ತು ಅವರ ಸಂಗಡಿಗರು, ಎದೆನೋವಿನಿಂದ ಆಸ್ಪತ್ರೆ ಸೇರಿದ 145 ಮಂದಿಯಲ್ಲಿ 26 ಮಂದಿಯ ಟಿ ಅಲೆಯಲ್ಲಿ ಒಂದು ವಿಶೇಷ ಬದಲಾವಣೆ ಗುರುತಿಸಿದರು. ಈ ಗುರುತು ಕಾಣುವುದು ನೋವು ಹೋದ ಮೇಲೆ, ರೋಗಿ ಹಾಯಾಗಿದ್ದೇನೆ ಎನ್ನುವಾಗ. ಆದರೆ ಅದು ಸೂಚಿಸುವುದು ಹೃದಯದ ಮುಂಭಾಗಕ್ಕೆ ಹೋಗುವ ಮುಖ್ಯ ನಾಳ ಅಪಾಯಕರವಾಗಿ ಕಿರಿದಾಗಿದೆ ಎಂಬುದನ್ನು. ಅವರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸದ 16 ಮಂದಿಯಲ್ಲಿ 12 ಮಂದಿಗೆ ಕೆಲವೇ ವಾರಗಳಲ್ಲಿ ದೊಡ್ಡ ಹೃದಯಾಘಾತವಾಯಿತು. ತೇಗು ಬಂತು, ನೋವು ಹೋಯಿತು, ಇನ್ನೇಕೆ ಆಸ್ಪತ್ರೆ ಎನ್ನುವವರಿಗೆ ನಾನು ಹೇಳುವುದು ಈ ಲೆಕ್ಕವನ್ನೇ.

ಹೆರಿಕ್‌ರ ಕಾಲದಲ್ಲಿ ರೋಗ ಗೊತ್ತಾದರೂ ಮಾಡಲು ಹೆಚ್ಚೇನೂ ಇರಲಿಲ್ಲ. ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸುವುದೇ ಮುಖ್ಯ ಚಿಕಿತ್ಸೆ. ಹೆಪ್ಪು ಕರಗಿಸುವ ಔಷಧಿಯ ದೊಡ್ಡ ಪರೀಕ್ಷೆ ಇಟಲಿಯಲ್ಲಿ ನಡೆದು 1986ರಲ್ಲಿ ಅದರ ಫಲಿತಾಂಶ ಬಂತು. ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳು. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧಿ ಸಿಕ್ಕವರಲ್ಲಿ ಸಾವು ಹೆಚ್ಚು ಕಡಿಮೆ ಅರ್ಧಕ್ಕಿಳಿದಿತ್ತು. ಗಂಟೆಗಳು ಕಳೆದಂತೆ ಲಾಭ ಕರಗುತ್ತಾ ಹೋಗಿತ್ತು. ಈಗ ನಮ್ಮ ದೇಶದ ಲೆಕ್ಕ ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ಭಾರತದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮಾಹಿತಿ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ನೋವು ಶುರುವಾದಲ್ಲಿಂದ ಆಸ್ಪತ್ರೆ ತಲುಪಲು ಹಿಡಿದ ಸಮಯದ ಮಧ್ಯಾಂಕ 360 ನಿಮಿಷ. ಆರು ಗಂಟೆ. ಆಸ್ಪತ್ರೆ ತಲುಪಿದ ಮೇಲೆ ಹೆಪ್ಪು ಕರಗಿಸುವ ಔಷಧಿ ಕೊಡಲು ಹಿಡಿದದ್ದು 50 ನಿಮಿಷ. ನಾವು ಆಸ್ಪತ್ರೆಗಳನ್ನು ಬೈಯುವುದು ಆ ಐವತ್ತು ನಿಮಿಷಕ್ಕೆ. ಆರು ಗಂಟೆಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ದೂರದ ದಾರಿ, ವಾಹನವಿಲ್ಲದ ರಾತ್ರಿ, ಹಣದ ಚಿಂತೆ ಎಲ್ಲವೂ ಅದರಲ್ಲಿವೆ, ನಿಜ. ಸೋಡಾ ಬಾಟ್ಲಿಯೂ ಇದೆ.

ಅದೇ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವೈದ್ಯಕೀಯ ಓದಿದವರು ಕೇರಳದ ಕೊಟ್ಟಾರಕ್ಕರದ ಸಲೀಂ ಯೂಸುಫ್. ಆಕ್ಸ್‌ಫರ್ಡಿಗೆ ಹೋಗಿ, ಮುಂದೆ ಕೆನಡಾದಲ್ಲಿ ನೆಲೆಸಿ, 52 ದೇಶಗಳಲ್ಲಿ ನಡೆಸಿದ ಅವರ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಧೂಮಪಾನ, ಕೆಟ್ಟ ಕೊಬ್ಬು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಒಂಬತ್ತು ಕಾರಣಗಳೇ ಮೊದಲ ಹೃದಯಾಘಾತದ ಅಪಾಯದ ನೂರರಲ್ಲಿ ತೊಂಬತ್ತು ಪಾಲನ್ನು ವಿವರಿಸುತ್ತವೆ ಎಂದು ಅದು ತೋರಿಸಿತು. ಅದೇ ಮಾಹಿತಿಯಿಂದ 2007ರಲ್ಲಿ ಹೊರಬಂದ ಇನ್ನೊಂದು ಸಂಗತಿ ನಮ್ಮನ್ನು ನೇರವಾಗಿ ತಟ್ಟುವಂಥದ್ದು. ಭಾರತ, ಪಾಕಿಸ್ತಾನ, ಬಾಂಗ್ಲಾ, ಶ್ರೀಲಂಕಾ, ನೇಪಾಳಗಳಲ್ಲಿ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದ ದೇಶಗಳಲ್ಲಿ 59. ಮದುವೆ ಮನೆಯಲ್ಲಿ ಬಿರಿಯಾನಿಯ ಎರಡನೇ ತಟ್ಟೆಯ ಮುಂದೆ ಈ ಸಂಖ್ಯೆಗಳನ್ನು ಹೇಳಿ ನಾನು ಬೈಸಿಕೊಂಡದ್ದಿದೆ.

ದೂರದ ಹಳ್ಳಿಯ ಸಮಸ್ಯೆಗೂ ಐಂಥೋವನ್ ತಮ್ಮ ಕಾಲದಲ್ಲೇ ಒಂದು ದಾರಿ ತೋರಿಸಿದ್ದರು. ಅವರ ಭಾರದ ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗುತ್ತಿರಲಿಲ್ಲ. 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ವಿದ್ಯುತ್ತನ್ನು ಟೆಲಿಫೋನ್ ತಂತಿಯ ಮೂಲಕ ಪ್ರಯೋಗಶಾಲೆಗೆ ತರಿಸಿಕೊಂಡರು. ಅದೇ ಕೆಲಸವನ್ನು ಈಗ ವಾಟ್ಸ್‌ಆ್ಯಪ್ ಮಾಡುತ್ತಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ಯೋಜನೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳು ಹೋದವು, ಅಲ್ಲಿಂದ ಕಾಗದದ ಫೋಟೋ ತಜ್ಞರ ಗುಂಪಿಗೆ ಬರುತ್ತದೆ, ನಿಮಿಷಗಳಲ್ಲಿ ಉತ್ತರ ಹೋಗುತ್ತದೆ. 2023ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು: ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ., ದೊಡ್ಡ ಆಸ್ಪತ್ರೆಯಿಂದ ಸಲಹೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ.

ಇಷ್ಟಿದ್ದರೂ ನನಗೆ ಹೆಚ್ಚು ಚಿಂತೆ ಹೆಂಗಸರದ್ದು. ಗಂಡಸು ಎದೆ ಒತ್ತಿಕೊಂಡರೆ ಕನಿಷ್ಠ ಸೋಡಾವಾದರೂ ಬರುತ್ತದೆ. ಹೆಂಗಸಿನ ನೋವು ಅಡುಗೆಮನೆ ದಾಟಿ ಹೊರಗೆ ಬರುವುದೇ ಕಷ್ಟ. ಅವರ ನೋವೂ ಬಹಳ ಸಲ ಬೇರೆ ರೂಪದಲ್ಲಿ ಬರುತ್ತದೆ. ದವಡೆ ಸೆಳೆತ, ಬೆನ್ನಿನ ನಡುವೆ ಭಾರ, ಉಸಿರು ಸಾಲದಿರುವುದು, ಹೇಳಲಾರದ ಸುಸ್ತು. ಸಕ್ಕರೆ ಕಾಯಿಲೆ ಇದ್ದರಂತೂ ನೋವೇ ಇಲ್ಲದಿರಬಹುದು. ಕೊನೆಗೆ ಆಸ್ಪತ್ರೆಗೆ ಬಂದರೆ ಅಲ್ಲಿ ಇನ್ನೊಂದು ಗೋಡೆ.

ಐಂಥೋವನ್ನರ ಇ.ಸಿ.ಜಿ.ಗೆ ಕೈಕಾಲು ಸಾಕಿತ್ತು. ಎದೆಯ ಮೇಲೂ ತಂತಿ ಇಡಬೇಕು, ಇಲ್ಲದಿದ್ದರೆ ಹೃದಯದ ಮುಂಭಾಗದ ಸುದ್ದಿ ಪೂರ್ತಿ ಸಿಗುವುದಿಲ್ಲ ಎಂದು ತೋರಿಸಿದವರು 1930ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫ್ರಾಂಕ್ ವಿಲ್ಸನ್. 1938ರಲ್ಲಿ ಎದೆಯ ಆರು ಜಾಗಗಳು ನಿಗದಿಯಾದವು. ಅವು ಪಕ್ಕೆಲುಬುಗಳನ್ನು ಎಣಿಸಿಯೇ ಗುರುತಿಸಬೇಕಾದ ಜಾಗಗಳು. ಒಂದು ಪಕ್ಕೆಲುಬು ಮೇಲೆ ಇಟ್ಟರೂ ಗೆರೆ ಬದಲಾಗುತ್ತದೆ. ಇಲ್ಲದ ಹಳೆಯ ಹೃದಯಾಘಾತ ಕಾಗದದಲ್ಲಿ ಕಾಣಿಸಬಹುದು, ಇರುವುದು ಮರೆಯಾಗಬಹುದು. ಈಗ ಯೋಚಿಸಿ. ಪರದೆಯಿಲ್ಲದ ಕೋಣೆ, ಯಂತ್ರದ ಪಕ್ಕ ಅಪರಿಚಿತ ಹುಡುಗ, ಮಂಚದ ಮೇಲೆ ಬುರ್ಖಾದೊಳಗೆ ಬೆವೆತ ಅರುವತ್ತರ ಉಮ್ಮ. ಆಕೆ ರವಿಕೆಯ ಗುಂಡಿಗೆ ಕೈ ಅಡ್ಡ ಹಿಡಿಯುತ್ತಾರೆ. ಹುಡುಗನಿಗೂ ಮುಜುಗರ. ಬಟ್ಟೆಯ ಅಂಚಿನಲ್ಲಿ ಎಲ್ಲಿ ಸಿಗುತ್ತದೋ ಅಲ್ಲಿ ತಂತಿ ಅಂಟಿಸಿ ಮುಗಿಸುತ್ತಾನೆ. ಇಂತಹ ಕಾಗದಗಳನ್ನು ಹಿಡಿದು ನನ್ನ ಬಳಿಗೆ ಬಂದವರಿದ್ದಾರೆ. ನಾನು ಮತ್ತೊಮ್ಮೆ ತೆಗೆದಾಗ ಗೆರೆ ಬೇರೆಯೇ. ಇದು ಬುರ್ಖಾದವರ ಸಮಸ್ಯೆ ಮಾತ್ರವೆಂದು ತಿಳಿಯಬೇಡಿ. ಗದ್ದೆಯಿಂದ ಬರುವ ನನ್ನ ಹಿಂದೂ ಅಜ್ಜಿಯಂದಿರೂ ಸೆರಗನ್ನು ಅಷ್ಟೇ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ಸಂಕೋಚವನ್ನು ಅಜ್ಞಾನವೆಂದು ಗದರುವ ವೈದ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್, ತರುಣಿಯೊಬ್ಬಳ ಎದೆಗೆ ಕಿವಿಯಿಡುವುದು ಸರಿಯಲ್ಲವೆಂದು ಕಾಗದದ ಕಟ್ಟನ್ನು ಸುರುಳಿ ಸುತ್ತಿ ಅದರ ಮೂಲಕ ಆಲಿಸಿದರು; ಸ್ಟೆತಸ್ಕೋಪು ಹುಟ್ಟಿದ್ದು ಹಾಗೆ. ಸಂಕೋಚವನ್ನು ಗೌರವಿಸಿದ ವೈದ್ಯ ಒಂದು ಉಪಕರಣವನ್ನೇ ಕೊಟ್ಟ. ನಮಗೆ ಬೇಕಾಗಿರುವುದು ಅಷ್ಟು ದೊಡ್ಡದೇನಲ್ಲ: ಒಂದು ಪರದೆ, ಒಂದು ಹತ್ತಿಯ ಶಾಲು, ಯಂತ್ರ ನಡೆಸಲು ಕಲಿತ ಒಬ್ಬ ಹುಡುಗಿ. ಇದರ ಇನ್ನೊಂದು ಮುಖವನ್ನು ನಮ್ಮ ಉಸ್ತಾದರುಗಳು ಹೇಳಬೇಕು. ಅನಿವಾರ್ಯವಾದಾಗ ನಿಷಿದ್ಧವೂ ಅನುಮತಿಗೊಳ್ಳುತ್ತದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ತತ್ವ. ಹೆಣ್ಣು ಸಿಬ್ಬಂದಿ ಸಿಗುವ ತನಕ ನೋವು ಕಾಯುವುದಿಲ್ಲ, ರಾತ್ರಿ ಎರಡು ಗಂಟೆಗೆ ಯಾರಿದ್ದಾರೋ ಅವರೇ ತೆಗೆಯಲಿ ಎಂದು ಖುತುಬಾದಲ್ಲಿ ಒಮ್ಮೆ ಕೇಳಿಬಂದರೆ ನನ್ನ ನೂರು ಮಾತಿಗಿಂತ ಅದು ಹೆಚ್ಚು.

ಪಿ.ಯು.ಸಿ. ಮುಗಿಸಿ ಮನೆಯಲ್ಲಿದ್ದ ಇಬ್ಬರು ಹುಡುಗಿಯರಿಗೆ ನಾನು ಪಕ್ಕೆಲುಬು ಎಣಿಸುವುದರಿಂದ ಹಿಡಿದು ಈ ಕೆಲಸ ಕಲಿಸಿದೆ. ಒಬ್ಬಳು ಮದುವೆಯಾಗಿ ಹೋದಳು, ಇನ್ನೊಬ್ಬಳು ಇದ್ದಾಳೆ. ಕಳೆದ ಮಳೆಗಾಲದಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಉಮ್ಮ, ಮೂರು ದಿನ ಬೆನ್ನುನೋವೆಂದು ಎಣ್ಣೆ ಹಚ್ಚಿಸಿಕೊಂಡು ಕೊನೆಗೆ ಸೊಸೆಯ ಬಲವಂತಕ್ಕೆ ಬಂದರು. ಹುಡುಗಿ ಶಾಲು ಹೊದೆಸಿ, ಅದರ ಅಡಿಯಲ್ಲೇ ಆರೂ ತಂತಿ ಅಂಟಿಸಿ ಕಾಗದ ತಂದಳು. ಟಿ ಅಲೆಗಳು ತಲೆಕೆಳಗಾಗಿದ್ದವು. ಫೋಟೋ ಮಂಗಳೂರಿಗೆ ಹೋಯಿತು, 108 ಬಂತು. ಒಂದು ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಐದನೇ ದಿನ ಮನೆಗೆ ಮರಳಿದರು. ಮುಂದಿನ ವಾರ ನನ್ನ ಬಳಿ ಬಂದಾಗ ಅವರಿಗಿದ್ದ ಪ್ರಶ್ನೆ ಒಂದೇ, ಬರುವ ರಮಝಾನಿನಲ್ಲಿ ಉಪವಾಸ ಹಿಡಿಯಬಹುದೇ ಎಂದು. ಮಾತ್ರೆಗಳ ಹೊತ್ತು ನೋಡಿ, ದೊಡ್ಡ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದೆ. ಆ ಉತ್ತರ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ.